ಪೈಲ್ವಾನನ ತೋಳು, ಕಂಕುಳಿನ ಟವಲ್ಲು

“ತೋಳು ಬೇಡ ಅಂತ ನಾನೆಲ್ಲಯ್ಯ ಹೇಳ್ದೆ? ಬೇಕು. ಆದ್ರೆ ಅದು ಯಜಮಾನ ಅಲ್ಲ, ಆಳು,” ಅಂದ್ರು ಗಾಲ್ಫ್ ಕೋಚ್ ಮೇದಪ್ಪ.

ಪೈಲ್ವಾನ್ ಚೆಲುವ ಏನೂ ಕೇಳೇ ಇರ್ಲಿಲ್ಲ. ಸುಮ್ನೆ ತನ್ನ ತೋಳು ನೋಡ್ಕೊಂಡು ನಿಂತಿದ್ದ. ನೋಡ್ಕೊಳ್ಳೋ ಹಂಗೇ ಇತ್ತು ಬಿಡಿ. ಮೈಸೂರಿನ ಗರಡೀಲಿ ಗದೆ ತಿರುಗಿಸಿ ಬೆಳೆಸಿದ ತೋಳು, ಎಂತೆಂಥೋರಿಗೋ ಮಣ್ಣು ಮುಕ್ಕಿಸಿದ ತೋಳು. ಏನ್ಮಾಡೋದು, ಕುಸ್ತಿಗೆ ವಯಸ್ಸು ಮೀರ್ತು. ಈಗ ಮದುವೆ ಛತ್ರದ ಬಾಗಿಲಲ್ಲಿ ಮೀಸೆ ತಿರುವ್ಕೊಂಡು ನಿಲ್ಲೋದೇ ಉದ್ಯೋಗ. ಊಟ ಸಿಗ್ತಿತ್ತು, ಮರ್ಯಾದೆ ಸಿಗ್ತಿರ್ಲಿಲ್ಲ.

ಅಷ್ಟರಲ್ಲಿ ಊರಾಚೆ ಗಾಲ್ಫ್ ಮೈದಾನದಲ್ಲಿ ಮೇದಪ್ಪನೋರಿಗೆ ಒಬ್ಬ ಸಹಾಯಕ ಬೇಕಾಯ್ತು. ಚೆಲುವ ಹೋಗಿ ಕೇಳ್ದ. ಪರೀಕ್ಷೆ ಇಷ್ಟೇ: ಕ್ಲಬ್ಬಿನ ಮೆಂಬರುಗಳ ಎದುರು ಚೆಂಡು ನೆಟ್ಟಗೆ ಹೊಡೀಬೇಕು. ದೂರ ಅಲ್ಲ, ನೆಟ್ಟಗೆ. ಹೊಡೆದ್ರೆ ಕೆಲಸ ಖಾಯಂ.

ಮೇದಪ್ಪ ಒಂದು ಟವಲ್ ತಂದು, ಎದೆ ಮೇಲೆ ಅಡ್ಡ ಹಾಕಿ, ಎರಡೂ ತುದೀನ ಅವನ ಕಂಕುಳಲ್ಲಿ ಸಿಗಿಸಿದ್ರು.

“ಏನ್ ಸಾರ್, ಜ್ವರ ನೋಡ್ತಿದೀರಾ?”

“ಕೊಬ್ಬು ನೋಡ್ತಿದೀನಿ. ಸೊಂಟ ಅನ್ನೋದು ಎತ್ತು, ತೋಳು ಅದು ಎಳೆಯೋ ಗಾಡಿ. ಸೊಂಟ ತಿರುಗ್ಲಿ, ಎದೆ ಅದರ ಹಿಂದೆ ಬರ್ಲಿ, ತೋಳು ಕೊನೇಲಿ. ತೋಳು ಎದೆ ಬಿಟ್ಟು ಓಡಿದ್ರೆ ಟವಲ್ ಬೀಳುತ್ತೆ. ಮೆಲ್ಲಗೆ ಬೀಸು.”

ಬಿತ್ತು. ಮತ್ತೆ ಸಿಗಿಸಿದ್ರು. ಮತ್ತೆ ಬಿತ್ತು. ಹಿಡಿದ ಪಟ್ಟು ಬಿಡಬಾರ್ದು ಅನ್ನೋದು ಗರಡಿ ಪಾಠ. ಚೆಲುವ ಸ್ಟಿಕ್ಕಿನ ಕತ್ತು ಹಿಸುಕೋ ಹಂಗೆ ಹಿಡೀತಿದ್ದ. ಹೊಡೆಯೋ ಮುಂಚೆ ಅಖಾಡದಲ್ಲಿ ಮಾಡೋ ಹಂಗೆ ಪಟಪಟ ಅಂತ ತೋಳು ತಟ್ಕೊಳ್ತಿದ್ದ. ಎದುರಿಗೆ ಇದ್ದದ್ದು ನಿಂಬೆಹಣ್ಣಿನ ಗಾತ್ರದ ಒಂದು ಚೆಂಡು. ಅದು ಹೆದರುತ್ತಾ?

ದಿನಾ ಹೊಡೆದೂ ಹೊಡೆದೂ ಬಲಗೈ ಮೊಣಕೈ ಒಳಗೆ ನೋವು ಶುರುವಾಯ್ತು. ಅವನು ಟೀ ಲೋಟಾನ ಎಡಗೈಲಿ ಎತ್ತೋದನ್ನ ಮೇದಪ್ಪ ಗಮನಿಸಿದ್ರು.

“ನೋಯ್ತಿದ್ಯಾ? ಹೇಳು, ಪರೀಕ್ಷೆ ಮುಂದಕ್ಕೆ ಹಾಕ್ಸ್ತೀನಿ.”

“ಪೈಲ್ವಾನಂಗೆ ಕೈನೋವಾ? ಗರಡೀಲಿ ಗೊತ್ತಾದ್ರೆ ಬಳೆ ತೊಡಿಸ್ತಾರೆ ಸಾರ್.”

ಮೇದಪ್ಪ ತಮ್ಮ ಟೀ ಮುಗಿಸಿ ಎದ್ರು.

ಪರೀಕ್ಷೆ ದಿನ ಮೆಂಬರುಗಳು ನೆರಳಲ್ಲಿ ಕುರ್ಚಿ ಹಾಕಿಸ್ಕೊಂಡು ಕೂತ್ರು. ಚೆಲುವ ಕಂಕುಳಿಗೆ ಟವಲ್ ಸಿಗಿಸ್ಕೊಂಡು ನಿಂತ. ಬೀಸಿದ. ಚೆಂಡು ಸ್ವಲ್ಪ ದೂರ ಹೋಯ್ತು, ಆದ್ರೆ ದಾರ ಹಿಡಿದಂಗೆ ಹೋಯ್ತು. ಇನ್ನೊಂದೂ ಹಂಗೇ. ಟವಲ್ ಬೀಳ್ಲಿಲ್ಲ. ಕೈಯೂ ಅಷ್ಟೊಂದು ನೋಯ್ಲಿಲ್ಲ. ಅವನಿಗೇ ಆಶ್ಚರ್ಯ.

“ಸಾಕು ಚೆಲುವ, ಸ್ಟಿಕ್ ಇಡು. ಪಾಸು,” ಅಂದ್ರು ಮೇದಪ್ಪ.

ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಕುರ್ಚಿಯಿಂದ ಒಬ್ಬ ಮೆಂಬರ್ ಕೂಗಿದ್ರು: “ಏನ್ ಪೈಲ್ವಾನ್ರೇ! ನಮ್ಮಜ್ಜಿ ಬೀಸಣಿಗೆ ಬೀಸ್ದಂಗಿದೆ! ಆ ತೋಳೇನು ಬಾಡಿಗೆಗೆ ತಂದಿದ್ದಾ?”

ಎಲ್ರೂ ನಕ್ರು. ಚೆಲುವನ ಕಿವಿ ಬಿಸಿಯಾಯ್ತು. ಟವಲ್ ಕಿತ್ತು ಬಿಸಾಕ್ದ. ಇನ್ನೊಂದು ಚೆಂಡು ಇಟ್ಟು ತೋಳು ತಟ್ಟಿದ. ಶಿಳ್ಳೆ ಬಿತ್ತು.

“ಬೇಡ!” ಅಂದ್ರು ಮೇದಪ್ಪ.

ಸೊಂಟ ನಿಂತಲ್ಲೇ ನಿಂತಿತ್ತು. ತೋಳು ಒಂದೇ ಬಂತು, ಅಷ್ಟೂ ವರ್ಷದ ಗರಡಿ ಬಲ ಹೊತ್ಕೊಂಡು. ಸ್ಟಿಕ್ಕು ಚೆಂಡಿಗಿಂತ ಹಿಂದೆ ನೆಲಕ್ಕೆ ಬಡೀತು. ಹುಲ್ಲಿನಡಿ ಕಲ್ಲಿತ್ತು. ಹಸಿ ಬಟ್ಟೆ ಹರಿದಂಗೆ ಏನೋ ಹರೀತು. ಮೊಣಕೈ ಹತ್ರದ ನರ ಕಿತ್ಕೊಂಡು, ತೋಳಿನ ಮಾಂಸ ಉಂಡೆ ಕಟ್ಟಿ ಮೇಲಕ್ಕೆ ಸರೀತು. ಚೆಂಡು ಮಾತ್ರ ಇಟ್ಟ ಜಾಗದಲ್ಲೇ ಬೆಳ್ಳಗೆ ಕೂತಿತ್ತು.

ಕಲ್ಲಿಗೆ ಬಡಿದ ಸದ್ದನ್ನ ಚೆಂಡಿಗೆ ಬಿದ್ದ ಏಟು ಅನ್ಕೊಂಡು ಒಬ್ರಿಬ್ರು ಚಪ್ಪಾಳೆನೂ ತಟ್ಟಿದ್ರು.

ಆಪರೇಷನ್ ಆಯ್ತು. ಕೈ ಉಳೀತು, ಕಸುವು ಉಳೀಲಿಲ್ಲ. ಕೆಲಸ ಬೇರೆಯೋರಿಗೆ ಹೋಯ್ತು. ಬೇಸಿಗೆ ಹೊತ್ತಿಗೆ ಚೆಲುವ ತನ್ನ ಬಟ್ಟೆ ಬ್ಯಾಗ್ ತಗೊಂಡು ಹೋಗಕ್ಕೆ ಮೇದಪ್ಪನೋರ ರೂಮಿಗೆ ಬಂದ. ಬಲಗೈನ ಎದೆಗೆ ಬಿಗಿಯಾಗಿ ಕಟ್ಕೊಂಡಿದ್ದ. ಕಟ್ಟಿದ್ದು ಅದೇ ಟವಲ್ಲಲ್ಲಿ.

“ನಾನು ಪಾಸು ಅಂದಿದ್ದು ಕೇಳಿಸ್ಲಿಲ್ವೇನೋ?”

“ಕೇಳಿಸ್ತು ಸಾರ್.”

“ಮತ್ತೆ?”

“ಅವ್ರು ನಕ್ಕಿದ್ದೂ ಕೇಳಿಸ್ತು.”

ಮೇದಪ್ಪ ಬ್ಯಾಗ್ ತಂದು ಅವನ ಮುಂದಿಟ್ರು. “ಆ ಮೆಂಬರ್ರು ಆಸ್ಪತ್ರೆಗೆ ಬಂದಿದ್ರಾ?”

“ಅವ್ರಿಗೆ ನನ್ನ ಹೆಸ್ರೇ ಗೊತ್ತಿಲ್ವಲ್ಲ ಸಾರ್. ಛತ್ರದೋರೂ ಬೇಡ ಅಂದ್ರು. ಕೈ ಕಟ್ಕೊಂಡಿರೋ ಪೈಲ್ವಾನ್ ಬಾಗಿಲಲ್ಲಿ ನಿಂತ್ರೆ ಅಪಶಕುನ ಅಂತೆ.”

ನಗಕ್ಕೆ ನೋಡ್ದ. ಬರ್ಲಿಲ್ಲ. ಎಡಗೈಲಿ ಬ್ಯಾಗ್ ಎತ್ಕೊಂಡ. ಹೊಸಿಲು ದಾಟಿದ. ಬಾಗಿಲು ಎಳ್ಕೊಳ್ಳಕ್ಕೆ ಕೈ ಖಾಲಿ ಇರ್ಲಿಲ್ಲ. ಬ್ಯಾಗಿನ ಹಿಡಿಯನ್ನೇ ಚಿಲಕಕ್ಕೆ ಸಿಗಿಸಿ ಸೊಂಟ ತಿರುಗಿಸ್ದ. ಸೊಂಟದ ಹಿಂದೆ ಎದೆ ಬಂತು, ಎದೆ ಜೊತೆ ತೋಳು ಬಂತು. ಟವಲ್ ಅಲ್ಲಾಡ್ಲಿಲ್ಲ. ಬಾಗಿಲು ಮುಚ್ಕೊಳ್ತು.

ನೀತಿ: ನಿಮ್ಮಲ್ಲಿ ಯಾವ ಬಲ ಜಾಸ್ತಿ ಇದೆಯೋ ಮೊದಲು ಅದಕ್ಕೇ ಮಾತು ಕೇಳೋದು ಕಲಿಸಿ. ಒಂಟಿಯಾಗಿ ಮೆರೆಯೋಕೆ ಹೋದ ಬಲ ಮೊದಲು ಮುರಿಯೋದು ತನ್ನನ್ನೇ. ಇನ್ನು ಚಪ್ಪಾಳೆ ತಟ್ಟೋರು? ಅವರ ಕೈಗೆ ಏನೂ ಆಗಲ್ಲ.