ತಗಡಿಲ್ಲದ ಕಡೆ ಸಾಹೇಬರ ಕುರ್ಚಿ

ಬಯಲುಸೀಮೆಯ ಒಂದು ಸರ್ಕಾರಿ ಶಾಲೆಗೆ ಹೊಸ ಕೋಣೆ ಮಂಜೂರಾಯಿತು. ಗೋಡೆಗಳು ಎದ್ದವು. ಮೇಲೆ ತಗಡು ಅರ್ಧ ಹೊದೆಸುವಷ್ಟರಲ್ಲಿ ಸರ್ಕಾರ ಉಳಿದ ಅನುದಾನಕ್ಕೆ ಕತ್ತರಿ ಹಾಕಿತು. ಆದರೂ ಜಿಲ್ಲೆಯ ಶಿಕ್ಷಣಾಧಿಕಾರಿ ಫೋನಿನಲ್ಲಿ ಗದರಿದರು: "ಮಾರ್ಚ್ ಒಳಗೆ ಉದ್ಘಾಟನೆ ಆಗ್ಲೇಬೇಕು. ಇದ್ದದ್ದರಲ್ಲೇ ಹೊಂದಿಸಿಕೊಳ್ರಿ!"

ಹೆಡ್‌ಮಾಸ್ತರರ ಮುಖ ಬಾಡಿತು. ಬಿಸಿಯೂಟ ಬೇಯಿಸುವ ಫಕೀರವ್ವನಿಗೆ ಮಕ್ಕಳು ದಿನಾ ಬಿಸಿಲಲ್ಲಿ ಒಣಗುವುದನ್ನು ನೋಡಿ ರೋಸಿಹೋಗಿತ್ತು. "ಉದ್ಘಾಟನೆ ದಿನ ಕುರ್ಚಿ ಹಾಕೋ ಕೆಲಸ ನನಗ ಬಿಡ್ರಿ ಸರ" ಎಂದಳು.

ಆ ದಿನ ಮಟಮಟ ಮಧ್ಯಾಹ್ನ ಶಿಕ್ಷಣಾಧಿಕಾರಿ ಸಾಹೇಬರು ಬಂದರು. ನೋಡಿದರೆ, ತಗಡಿನ ನೆರಳಲ್ಲಿ ಮಕ್ಕಳು ಹಾಯಾಗಿ ಕೂತಿದ್ದಾರೆ. ಹೂವಿನಿಂದ ಸಿಂಗರಿಸಿದ ಕುರ್ಚಿ ಉರಿಬಿಸಿಲಲ್ಲಿದೆ.

"ಏನಿದು?" ಸಾಹೇಬರು ಗುಡುಗಿದರು.

ಫಕೀರವ್ವ ತಲೆಮೇಲೆ ಸೆರಗೆಳೆದು ಕೈಮುಗಿದಳು. "ಬಂದ ಅನುದಾನದಾಗ ಮಕ್ಕಳು ಕುಂತಾವ್ರಿ ಸಾಹೇಬ್ರ. ಬರಬೇಕಾದ ಅನುದಾನದ ಜಾಗಾ ತಮಗಂತ ಇಟ್ಟೀವ್ರಿ."

ಊರವರು ಮುಸಿಮುಸಿ ನಕ್ಕರು. ಅವರೆದುರು ಮಕ್ಕಳನ್ನು ಎಬ್ಬಿಸುವಂತಿಲ್ಲ. ಸಾಹೇಬರು ಕೂತರು. ಕಾದ ಕಬ್ಬಿಣದ ಕುರ್ಚಿ ಚುರ್ರೆಂದಿತು. ಎದ್ದು ಭಾಷಣ ಶುರುಮಾಡಿದರು.

"ಶಿಕ್ಷಣಕ್ಕೆ ಮೊಟ್ಟಮೊದಲು ಬೇಕಾದ್ದು..." ಎಂದವರು ಬೋಳುತಲೆ ಒರೆಸಿಕೊಂಡು, "ನೆರಳು!" ಎಂದುಬಿಟ್ಟರು.

ಮಕ್ಕಳು ಚಪ್ಪಾಳೆ ತಟ್ಟಿದರು. ಸಾಹೇಬರು ಸರಸರ ಹೋಗಿ, "ಒಂಚೂರು ಸರಿಯವ್ವ" ಎಂದು ಒಬ್ಬ ಹುಡುಗಿಯ ಪಕ್ಕ ನೆಲದ ಮೇಲೆ ಕೂತು, ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಹಚ್ಚಿದರು.

ಬೇಸಿಗೆ ರಜೆ ಮುಗಿಯುವುದರೊಳಗೆ ಉಳಿದ ತಗಡು ಬಂತು. ಈಗಲೂ ಸಾಹೇಬರು ಯಾವ ಶಾಲೆಗೆ ಹೋದರೂ, ಕೂರುವ ಮುಂಚೆ ಒಮ್ಮೆ ತಲೆಯೆತ್ತಿ ಮೇಲೆ ನೋಡುತ್ತಾರಂತೆ.