ಹರಿಗೋಲು ಹತ್ತಿದ ಸಿಂಹಾಸನ

ಬಿರುದು ಅಂದರೆ ಉದ್ದಂಡರಾಯನಿಗೆ ಊಟಕ್ಕಿಂತ ರುಚಿ. ಅವನ ಮುಂದೆ ಬಾಯಿ ಬಿಡುವವರು ಯಾರೇ ಆಗಲಿ, ಮೊದಲು ಅವನ ಬಿರುದುಗಳನ್ನೆಲ್ಲ ಒಪ್ಪಿಸಬೇಕು, ವಿಷಯ ಆಮೇಲೆ. ನಡುವೆ ಒಂದು ಬಿಟ್ಟರೂ ನಾಲಿಗೆಗೆ ಕತ್ತರಿ! ಹಾಲಿಗೆ ಹೆಪ್ಪು ಹಾಕಿ ಹೇಳಲು ಶುರು ಮಾಡಿದರೆ, ಮುಗಿಯುವ ಹೊತ್ತಿಗೆ ಬೆಣ್ಣೆ ತೆಗೆಯಬಹುದಿತ್ತು.

ಇಂಥ ದೊಡ್ಡ ಮನುಷ್ಯನ ಕೈಯಿಂದ ಪಟ್ಟ ಮಾತ್ರ ಮೂರು ಸಲ ಜಾರಿತ್ತು. ಒಮ್ಮೆ ದಂಡನಾಯಕ, ಒಮ್ಮೆ ಸ್ವಂತ ತಮ್ಮ, ಇನ್ನೊಮ್ಮೆ ಅರಮನೆಯ ಅಡುಗೆಯವನೇ ಕೋಟೆ ಹಿಡಿದಿದ್ದ. ಮೊದಲಿಬ್ಬರಿಂದ ಹೇಗೋ ಕಿತ್ತುಕೊಂಡ; ಅಡುಗೆಯವನು ಎರಡು ದಿನ ಆಳಿ, ಬೇಸರವಾಗಿ, ತಾನೇ ವಾಪಸು ಕೊಟ್ಟ.

ಹೊಳೆಯಾಚೆಯ ಸಣ್ಣತಿಮ್ಮ ನಾಯಕನದು ಅಂಗೈಯಗಲ ರಾಜ್ಯ. ಅಜ್ಜನ ಕಾಲದಿಂದ ಒಂದು ಚೂರೂ ಅಲುಗಿರಲಿಲ್ಲ.

ರಾಯನಿಗೆ ಹೊಟ್ಟೆಯುರಿ. ಆಸ್ಥಾನದ ಜಾಣ ಗೋಣಿಬಸಪ್ಪನನ್ನು ಕರೆಸಿದ.

"ಲೋ, ಅವನ ರಾಜ್ಯ ನಿಂತಿದೆ, ನನ್ನದು ಯಾಕೋ ನಿಲ್ಲೋದಿಲ್ಲ? ಸಂಜೆಯೊಳಗೆ ಗುಟ್ಟು ಹೇಳು. ಇಲ್ಲದಿದ್ದರೆ ನಿನ್ನ ತಲೆ ನಿಲ್ಲೋದಿಲ್ಲ!"

ಗೋಣಿಬಸಪ್ಪ ಕತ್ತು ಸವರಿಕೊಂಡ. ಬಿರುದುಗಳನ್ನೆಲ್ಲ ಒಪ್ಪಿಸಿ, ಒಂದು ಚೊಂಬು ನೀರು ಕುಡಿದು ಹೇಳಿದ, "ಹೊಳೆಗೆ ಬನ್ನಿ ಮಹಾಪ್ರಭು, ಕಣ್ಣಾರೆ ತೋರಿಸ್ತೀನಿ."

"ಬರ್ತೀನಿ. ಆದರೆ ಹರಿಗೋಲಿನಲ್ಲಿ ಕುಕ್ಕರಗಾಲಲ್ಲಿ ಕೂರೋ ಅರಸ ನಾನಲ್ಲ. ಸಿಂಹಾಸನಾನೂ ಹತ್ತಿಸಿ!"

ಗೋಣಿಬಸಪ್ಪನಿಗೆ ಬೇಕಾದದ್ದೂ ಅದೇ. ತಲೆ ತಗ್ಗಿಸಿ ನಕ್ಕ.

ನಡುಹೊಳೆಯಲ್ಲಿ ಸಣ್ಣತಿಮ್ಮ ನಾಯಕನ ಹರಿಗೋಲು ಎದುರಾಯಿತು. ನಾಯಕ ಹುರಿಗಡಲೆ ತಿನ್ನುತ್ತ ಒಂದು ಬದಿಗೆ ವಾಲಿದ್ದ. ಅವನ ಅಂಬಿಗ ಹುಲಿಗ ಗದರಿದ, "ಏ ನಾಯ್ಕಾ! ಆ ಕಡೆ ವಾಲಬ್ಯಾಡ, ಮುಳುಗ್ತೀವಿ! ಈ ಕಡೆ ಸರಿ!"

"ಆಯ್ತಪ್ಪಾ, ಆಯ್ತು," ಅಂತ ನಾಯಕ ಪಂಚೆ ಎತ್ತಿಕೊಂಡು ಸರಿದು ಕೂತ.

"ಛೀ! ಅಂಬಿಗನ ಬಾಯಲ್ಲಿ ಅರಸನಿಗೆ ಏಕವಚನ!" ಅಂತ ಉದ್ದಂಡರಾಯ ಸಿಂಹಾಸನದ ಮೇಲೇ ಧಿಮಿಕ್ಕನೆ ಕುಣಿದ. ಅದರ ಕಾಲು ಹರಿಗೋಲಿನ ತೊಗಲಿಗೆ ನಾಟಿತು. ನೀರು ಬುಗ್ಗೆಯೆದ್ದಿತು.

ರಾಯನ ಅಂಬಿಗ ಬಾಯಿ ತೆರೆದು ಮುಚ್ಚಿದ. ಪಾಪ, ಅವನಿಗೆ ಬಿರುದುಗಳು ಬಾಯಿಪಾಠ ಇರಲಿಲ್ಲ. ಗೋಣಿಬಸಪ್ಪ ಎದ್ದು ಕೈಮುಗಿದ.

"ಭೂಮಂಡಲಾಧೀಶ್ವರ! ಶತ್ರುಗಜಸಿಂಹ! ಸಪ್ತಸಾಗರಗಳನ್ನು ಪಾದದಡಿ ಇಟ್ಟುಕೊಂಡ ಮಹಾಶೂರ!"

ರಾಯ ಸುಖದಿಂದ ಕಣ್ಣು ಮುಚ್ಚಿದ. "ಲೋ, ಪಾದ ತಣ್ಣಗಾಗ್ತಿದೆಯಲ್ಲೋ."

"ಗಂಗೆಯೇ ಬಂದು ಕಾಲು ತೊಳೆಯುವ ಪುಣ್ಯಪುರುಷ!"

"ಭಲೇ! ಇದು ಹೊಸದು! ಮುಂದುವರಿಸು!"

ನೀರು ಸೊಂಟಕ್ಕೆ ಬಂತು.

"ಎಂದೆಂದಿಗೂ ಮುಳುಗದ ಸೂರ್ಯ..."

ಗುಳುಂ! ಸೂರ್ಯ, ಸಿಂಹಾಸನ, ಹರಿಗೋಲು ಎಲ್ಲವೂ ಮುಳುಗಿದವು.

ಹುಲಿಗ ರಾಯನ ಜುಟ್ಟು ಹಿಡಿದೆಳೆದು ದಡಕ್ಕೆ ಹಾಕಿದ. ಗೋಣಿಬಸಪ್ಪನೂ ಅಂಬಿಗನೂ ಈಜಿ ಬಂದರು. ರಾಯ ಹೊಟ್ಟೆಯ ನೀರು ಕಕ್ಕಿ ಕಿರುಚಿದ, "ದ್ರೋಹಿ! ತೂತು ಬಿದ್ದಿದೆ ಅಂತ ಯಾಕೋ ಹೇಳಲಿಲ್ಲ?"

"ಅದನ್ನ ಹೇಳೋಕೇ ಬಾಯಿ ತೆರೆದದ್ದು ಮಹಾಪ್ರಭು," ಅಂದ ಗೋಣಿಬಸಪ್ಪ. " ವಿಷಯಕ್ಕೆ ಬರೋಕೆ ಅರ್ಧ ಬಿರುದು ಇನ್ನೂ ಬಾಕಿ ಇತ್ತು. ಕೋಟೆ ಕಾವಲುಗಾರರೂ ಮೂರು ಸಲ ಹೀಗೇ ಎಚ್ಚರಿಸೋಕೆ ಓಡೋಡಿ ಬಂದಿದ್ದರು. ಅವರು 'ಶತ್ರುಗಜಸಿಂಹ' ಅನ್ನೋ ಹೊತ್ತಿಗೆ ಶತ್ರು ಒಳಗೆ ಬಂದು ಚಾವಡಿಯಲ್ಲಿ ಕೂತಿದ್ದ. ಆ ನಾಯಕನಿಗೆ 'ಏ' ಅನ್ನೋದೊಂದೇ ಬಿರುದು. ಅದಕ್ಕೇ ಅವನ ರಾಜ್ಯ ತೇಲ್ತಾ ಇದೆ."

ರಾಯ ಮೂಗಿನಿಂದ ನೀರು ಬರುವಂತೆ ನಕ್ಕ. "ತಲೆ ಉಳಿಸಿಕೊಂಡೆ ಕಣೋ! ಇವತ್ತಿಗೆ ಎಲ್ಲ ಬಿರುದನ್ನೂ ಬಿಟ್ಟೆ!"

ಸ್ವಲ್ಪ ಹೊತ್ತು ಬಿಟ್ಟು, ಸಣ್ಣ ದನಿಯಲ್ಲಿ ಕೇಳಿದ, "ಬಸಪ್ಪಾ, ಇಷ್ಟೆಲ್ಲ ಬಿಟ್ಟವನಿಗೆ 'ಮಹಾತ್ಯಾಗಿ' ಅಂತ ಒಂದೇ ಒಂದು ಬಿರುದು... ಹೇಗಿರುತ್ತೆ?"

ಗೋಣಿಬಸಪ್ಪ ರುಮಾಲು ಹಿಂಡುತ್ತ ಅಂದ, "ಭಾಳ ಚೆನ್ನಾಗಿರುತ್ತೆ ಮಹಾಪ್ರಭು. ಜೊತೆಗೆ ಈಜೂ ಕಲಿತುಬಿಡಿ."