ವಾಪಸ್ ಬಂದದ್ದೆಲ್ಲ ಕಸವೇ?

ಗದಗಿನಲ್ಲಿ ಕಿವಿ ಕೇಳದ ಮಕ್ಕಳಿಗೆ ಮುದ್ರಣದ ಕೆಲಸ ಕಲಿಸುವ ಒಂದು ಶಾಲೆಯಿತ್ತು. ಅಲ್ಲಿ ಫೋನಿನ ಮಾತಿಗಿಂತ ಮೇಲ್‌ಗೇ ಬೆಲೆ ಹೆಚ್ಚು. ಶಾಲೆಯ ಮೇಲ್ ಸರ್ವರ್ ನೋಡಿಕೊಳ್ಳುವವನು ವೀರೇಶ. ಸ್ಪ್ಯಾಮ್ ಹಿಡಿಯುವುದರಲ್ಲಿ ಬಲು ಚುರುಕು. ಆ ಬಗ್ಗೆ ತುಸು ಜಂಬವೂ ಇತ್ತು ಅನ್ನಿ.

ಒಮ್ಮೆ ಯಾರೋ ಕಳ್ಳರು ಕಳಿಸಿದವರ ಜಾಗದಲ್ಲಿ ಈ ಶಾಲೆಯ ಮೇಲ್ ವಿಳಾಸವನ್ನೇ ಹಾಕಿ ಊರಿಗೆಲ್ಲ ಲಾಟರಿಯ ಸುಳ್ಳು ಮೇಲ್ ಕಳಿಸಿದರು. ತಲುಪದೆ ಹೋದವೆಲ್ಲ ‘ನೀವು ಕಳಿಸಿದ್ದು ಮುಟ್ಟಲಿಲ್ಲ’ ಎಂದು ಶಾಲೆಗೇ ವಾಪಸ್ ಬರತೊಡಗಿದವು. ಕಳಿಸಿದವರು ಯಾರೋ, ಅನುಭವಿಸುವವರು ಯಾರೋ! ವೀರೇಶನಿಗೆ ತಲೆ ಚಿಟ್ಟು ಹಿಡಿಯಿತು. ವಾಪಸ್ ಬಂದ ಮೇಲ್ ಯಾವುದೇ ಇರಲಿ, ಯಾರ ಕಣ್ಣಿಗೂ ಬೀಳದೆ ನೇರ ಕಸದ ಬುಟ್ಟಿಗೆ ಹೋಗಲಿ ಎಂದು ಫಿಲ್ಟರಿಗೆ ನಿಯಮ ಬರೆದ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಶಾಲೆಯ ಮುಖ್ಯಸ್ಥೆ ಹಮೀದಾ ಮೇಡಂ ಕೇಳಿದರು: “ಅದರಾಗ ನಾವು ಖರೇನ ಕಳಿಸಿದ್ದೂ ಇದ್ರ ಏನ್ ಮಾಡ್ತೀ, ವೀರೇಶ?”

“ಎಲ್ಲಾ ಕಸಾನ ಐತ್ರಿ ಮೇಡಂ. ಯಾರ್ ಆರಿಸ್ಕೋಂತ ಕುಂದರಬೇಕ್ರಿ?”

ಮೇಡಂ ಆ ನಿಯಮವನ್ನು ಹಾಗೇ ಬಿಟ್ಟರು. ಕಿರಿಕಿರಿ ತಪ್ಪಿದ್ದು ಅವರಿಗೂ ಹಿತವಾಗಿತ್ತು.

ಬೇಸಿಗೆಯಲ್ಲಿ ಪ್ರವೇಶ ಶುರುವಾಯಿತು. ಸೀಟು ಸಿಕ್ಕವರಿಗೆ ಮೇಲ್ ಹೋಗುತ್ತದೆ. ವಾರದೊಳಗೆ ಒಪ್ಪಿಗೆ ಬರದಿದ್ದರೆ ಸೀಟು ಮುಂದಿನವರಿಗೆ. ಇದು ಆ ಶಾಲೆಯ ಪದ್ಧತಿ.

ತರಗತಿಗಳು ಆರಂಭವಾದ ಮೇಲೆ ಒಂದು ಬೆಳಿಗ್ಗೆ ಮುಂಡರಗಿ ಕಡೆಯ ಫಕೀರಪ್ಪ ತನ್ನ ಮಗಳು ಭಾಗೀರಥಿಯನ್ನು ಕರೆದುಕೊಂಡು ವೀರೇಶನ ಮುಂದೆ ಬಂದು ನಿಂತ.

“ಸರ, ಅರ್ಜಿ ಹಾಕಿದಾಗಿಂದ ನನ್ನ ಮಗಳು ದಿನಾ ಫೋನ್ ತಗದ್ ನೋಡಾಕತ್ತಿದ್ಲು. ಬ್ಯಾಡ ಆಗಿದ್ರ ಬ್ಯಾಡ ಅಂತಾದ್ರೂ ಒಂದ್ ಮಾತ್ ತಿಳಸ್ಬೇಕಿತ್ರಿ.”

ವೀರೇಶ ಹುಡುಕಿದ. ಅವಳಿಗೆ ಸೀಟು ಸಿಕ್ಕಿತ್ತು, ಮೇಲ್ ಹೋಗಿತ್ತು. ಅಳುಕುತ್ತಲೇ ಕಸದ ಬುಟ್ಟಿ ತೆರೆದ. ಸುಳ್ಳು ಲಾಟರಿಗಳ ರಾಶಿಯಲ್ಲಿ ಅದೂ ಬಿದ್ದಿತ್ತು: ‘ಇವರ ಪೆಟ್ಟಿಗೆ ತುಂಬಿದೆ, ನಿಮ್ಮ ಮೇಲ್ ತಲುಪಿಸಲಾಗಲಿಲ್ಲ.’ ಕಳಿಸಿದ ದಿನವೇ ವಾಪಸ್ ಬಂದಿತ್ತು. ಅಂದೇ ಕಂಡಿದ್ದರೆ ಫಕೀರಪ್ಪನಿಗೆ ಒಂದು ಫೋನ್ ಮಾಡಿದ್ದರೂ ಸಾಕಿತ್ತು.

‘ನಾವು ಕಳಿಸಿದ್ದೇವೆ, ನೀವೇ ನೋಡಿಲ್ಲ’ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಹುಡುಗಿ ಅವನ ತುಟಿಯನ್ನೇ ನೋಡುತ್ತ ನಿಂತಿದ್ದಳು.

“ತಪ್ಪು ನಂದ ಐತಿ,” ಎಂದ ವೀರೇಶ, ಅವಳಿಗೆ ತಿಳಿಯುವಂತೆ ನಿಧಾನವಾಗಿ. “ಸೀಟು ನಿಂದ ಇತ್ತವಾ. ಮೇಲ್ ಮುಟ್ಟಿಲ್ಲ ಅಂತ ಸುದ್ದೀನೂ ಬಂದಿತ್ತು. ನಾನ ಅದನ್ನ ಕಸಕ್ಕ ಹಾಕ್ಸಿದ್ದೆ.”

ಆ ಸೀಟಿನಲ್ಲಿ ಬೇರೊಬ್ಬಳು ಆಗಲೇ ಕಲಿಯುತ್ತಿದ್ದಳು. ಕುಳಿತವಳನ್ನು ಎಬ್ಬಿಸುವುದು ನ್ಯಾಯವಲ್ಲ. ವಿಷಯ ತಿಳಿದು ಬಂದ ಹಮೀದಾ ಮೇಡಂ ತಲೆ ತಗ್ಗಿಸಿ, ಬರುವ ವರ್ಷದ ಮೊದಲ ಸೀಟು ಭಾಗೀರಥಿಗೇ ಎಂದು ಮಾತು ಕೊಟ್ಟರು. ಆದರೂ ಒಂದು ವರ್ಷ ಹೋದದ್ದು ಹೋದದ್ದೇ.

ತಂದೆ ಮಗಳು ಇನ್ನೂ ಅಲ್ಲಿರುವಾಗಲೇ ವೀರೇಶ ಆ ನಿಯಮ ಕಿತ್ತುಹಾಕಿದ. ಇನ್ನು ಮುಂದೆ ಶಾಲೆಯಿಂದ ಹೊರಡುವ ಪ್ರತಿ ಮೇಲ್‌ಗೂ ಕಳ್ಳರಿಗೆ ತಿಳಿಯದ ಒಂದು ಗುರುತು ಇರುವಂತೆ ಮಾಡಿದ. ಮೇಲ್ ವಾಪಸ್ ಬಂದರೆ ಆ ಗುರುತೂ ಜೊತೆಗೇ ಬರುತ್ತದೆ. ಗುರುತಿಲ್ಲದೆ ವಾಪಸ್ ಬಂದದ್ದು ಕಸಕ್ಕೆ, ಗುರುತಿದ್ದದ್ದು ಅವನ ಕಣ್ಣೆದುರಿಗೆ.

ಭಾಗೀರಥಿ ಫೋನಿನಲ್ಲಿ ಒಂದು ಸಾಲು ಬರೆದು ಅವನ ಮುಂದೆ ಹಿಡಿದಳು: ‘ಮುಂದಿನ ವರ್ಷವೂ ನನಗೆ ಕಳಿಸಿದ ಮೇಲ್ ವಾಪಸ್ ಬಂದರೆ, ನೋಡುತ್ತೀರಾ?’

ಅವನಿಗೆ ಕಣ್ಣು ತುಂಬಿ ಬಂತು. ನೋಡುತ್ತೇನೆಂದು ತಲೆಯಾಡಿಸಿದ.

ನೀತಿ: ತಿರುಗಿ ಬಂದದ್ದೆಲ್ಲ ಕಸವಲ್ಲ, ನಮ್ಮ ಮಾತು ತಲುಪಲಿಲ್ಲವೆಂಬ ಸುದ್ದಿಯೂ ಅದರಲ್ಲಿರುತ್ತದೆ. ಕಳ್ಳರ ಕಾಟಕ್ಕೆ ಬೇಸತ್ತು ಬಾಗಿಲು ಹಾಕುವ ಮುನ್ನ, ಹೊರಗೆ ನಿಂತವರಲ್ಲಿ ನಮ್ಮವರಿದ್ದಾರೆಯೇ ಎಂದು ನೋಡಬೇಕು.